ಗಡಿಯಾರ ಯಾರ ಕೈಯಲ್ಲಿ?

ಕಂಪ್ಯೂಟರಿನಲ್ಲಿ ಆಡುವ ಸ್ಟ್ರಾಟಜಿ ಗೇಮೇ ಅಸಲಿ, ಮೊಬೈಲಿನದು ಬರೀ ಮಕ್ಕಳಾಟ ಎಂದು ಮೂಗು ಮುರಿಯುವವರಿಗೆ ಬರವಿಲ್ಲ. ಪರದೆ ಚಿಕ್ಕದು, ಬೆರಳು ದಪ್ಪ, ಇದರಲ್ಲಿ ಎಂಥ ಯುದ್ಧ ಎಂಬುದು ಅವರ ತಕರಾರು. ಅದರಲ್ಲಿ ಹುರುಳಿಲ್ಲ ಎನ್ನಲಾಗದು. 1992ರಲ್ಲಿ ವೆಸ್ಟ್‌ವುಡ್ ಸ್ಟುಡಿಯೋಸ್ ತಂದ ‘ಡ್ಯೂನ್ 2’ ಸೈನ್ಯವನ್ನು ಮೌಸ್‌ನಿಂದ ಆರಿಸಿ ಬೇಕಾದ ಕಡೆಗೆ ಅಟ್ಟುವುದನ್ನು ರೂಢಿಗೆ ತಂದಿತು. ‘ವಾರ್‌ಕ್ರಾಫ್ಟ್’, ‘ಏಜ್ ಆಫ್ ಎಂಪೈರ್ಸ್’, ‘ಸ್ಟಾರ್‌ಕ್ರಾಫ್ಟ್’ ಎಲ್ಲವೂ ಅದೇ ಹಾದಿ ಹಿಡಿದವು. ದಕ್ಷಿಣ ಕೊರಿಯಾದ ವೃತ್ತಿಪರ ಸ್ಟಾರ್‌ಕ್ರಾಫ್ಟ್ ಆಟಗಾರರು ನಿಮಿಷಕ್ಕೆ 300 ಆಜ್ಞೆಗಳನ್ನೂ ದಾಟುತ್ತಾರೆ. ಅಷ್ಟು ಕೆಲಸ ಹೇಳಿದರೆ ನಮ್ಮ ಹೆಬ್ಬೆರಳು ರಾಜೀನಾಮೆ ಕೊಟ್ಟೀತು. ಆದರೂ ಈ ಎರಡು ಬಗೆಯ ಆಟಗಳನ್ನು ಬೇರೆ ಮಾಡುವುದರಲ್ಲಿ ಪರದೆಗಿಂತ ಗಡಿಯಾರದ ಪಾಲೇ ಹೆಚ್ಚು ಎಂದು ನನಗನ್ನಿಸುತ್ತದೆ.

1999ರ ‘ಏಜ್ ಆಫ್ ಎಂಪೈರ್ಸ್ 2’ ಆಟವನ್ನೇ ನೋಡಿ. ಶುರುವಿನಲ್ಲಿ ಸಾಮಾನ್ಯವಾಗಿ ನಿಮಗೆ ಸಿಗುವುದು ಒಂದು ಟೌನ್ ಸೆಂಟರ್, ಮೂವರು ವಿಲೇಜರ್‌ಗಳು ಮತ್ತು ದಾರಿ ಹುಡುಕಲು ಒಬ್ಬ ಸವಾರ. ಇನ್ನೊಬ್ಬ ವಿಲೇಜರ್ ಬೇಕಾದರೆ 50 ಆಹಾರ ತೆತ್ತು 25 ಸೆಕೆಂಡ್ ಕಾಯಬೇಕು. ಮುಂದಿನ ಯುಗಕ್ಕೆ ಏರಲು 500 ಆಹಾರ, 130 ಸೆಕೆಂಡ್. ಆ ಹೊತ್ತಿನಲ್ಲಿ ಟೌನ್ ಸೆಂಟರಿನಿಂದ ಹೊಸಬರು ಯಾರೂ ಹೊರಬರುವುದಿಲ್ಲ. ಅಂದರೆ ಬೇಗ ಏರಿದವನಿಗೆ ಬಿಲ್ಲುಗಾರರು ಬೇಗ ಸಿಗುತ್ತಾರೆ, ಆದರೆ ಮರ ಕಡಿಯಲು, ಹೊಲ ನೋಡಲು ಜನ ಸಾಲದು. ತಡಮಾಡಿದವನಿಗೆ ಜನವುಂಟು, ಕಾಯಲು ಸೈನ್ಯವಿಲ್ಲ. ಈ ಲೆಕ್ಕಾಚಾರವೇ ಆಟ. ಎದುರಾಳಿಗೂ ಅದೇ 130 ಸೆಕೆಂಡ್. ಅವನ ಕಿಸೆ ಎಷ್ಟೇ ಭಾರವಿರಲಿ, ಒಂದು ಸೆಕೆಂಡನ್ನೂ ಕೊಳ್ಳಲಾರ.

2012ರಲ್ಲಿ ಫಿನ್ಲೆಂಡಿನ ಸೂಪರ್‌ಸೆಲ್ ಹೊರತಂದ ‘ಕ್ಲಾಷ್ ಆಫ್ ಕ್ಲಾನ್ಸ್’ನಲ್ಲಿ ಬುದ್ಧಿಗೆ ಕೆಲಸವಿಲ್ಲ ಎಂದರೆ ತಪ್ಪಾದೀತು. ದಾಳಿ ಮೂರು ನಿಮಿಷದ್ದು. ಒಮ್ಮೆ ಇಳಿಸಿದ ಸೈನಿಕನನ್ನು ಹಿಂದಕ್ಕೆ ಕರೆಯುವಂತಿಲ್ಲ. ಆದ್ದರಿಂದ ಯಾವ ಗೋಡೆಯ ಬಳಿ, ಯಾರನ್ನು ಮೊದಲು ಇಳಿಸಬೇಕೆಂದು ಮುಂಚೆಯೇ ಯೋಚಿಸಿಟ್ಟುಕೊಳ್ಳಬೇಕು. ಪುಟ್ಟ ಪರದೆಗೆ ಹೇಳಿ ಮಾಡಿಸಿದ ಜಾಣ ವಿನ್ಯಾಸವಿದು. ಆದರೆ ದಾಳಿ ಮುಗಿಸಿ ಊರಿಗೆ ಮರಳಿದರೆ ಕಥೆಯೇ ಬೇರೆ. ಮೇಲಿನ ಹಂತಗಳಲ್ಲಿ ಒಂದು ಕಟ್ಟಡ ಮೇಲ್ದರ್ಜೆಗೇರಲು ದಿನಗಟ್ಟಲೆ ಬೇಕು. ಹಸಿರು ಜೆಮ್ ತೆತ್ತರೆ ಅದು ಈ ಕ್ಷಣವೇ ಸಿದ್ಧ. ಆಡುತ್ತಾ ಸಿಗುವ ಜೆಮ್ ಸಾಲದಿದ್ದರೆ ರೊಕ್ಕ ಕೊಟ್ಟು ಕೊಳ್ಳಬಹುದು. ಇಲ್ಲಿ ಸಮಯ ಅಂಗಡಿಯ ಸರಕು. ಈ ಕಾಯುವಿಕೆಯೂ ಆಟದ ಭಾಗವೇ ಎನ್ನುವವರಿಗೆ ಕಂಪನಿಯೇ ಉತ್ತರ ಕೊಟ್ಟಿದೆ: 2025ರಲ್ಲಿ ಅದು ಸೈನಿಕರ ತರಬೇತಿಯ ಕಾಯುವಿಕೆಯನ್ನು ಪೂರ್ತಿ ತೆಗೆದುಹಾಕಿತು. ಅದರಿಂದ ದಾಳಿಯ ತಂತ್ರಕ್ಕೆ ಕೂದಲು ಕೊಂಕಲಿಲ್ಲ.

ಬಸ್ಸಿನಲ್ಲಿ, ಕ್ಯೂನಲ್ಲಿ ಆಡುವ ಆಟ ತುಂಡು ತುಂಡಾಗಿಯೇ ಇರಬೇಕಲ್ಲವೇ ಎಂಬ ಆಕ್ಷೇಪ ಬರುತ್ತದೆ. ಇರಲಿ. ಹಿಂದೆ ಅಂಚೆಯಲ್ಲಿ ಚದುರಂಗ ಆಡುತ್ತಿದ್ದವರು ಒಂದು ನಡೆಗಾಗಿ ವಾರಗಟ್ಟಲೆ ಕಾಯುತ್ತಿದ್ದರು. ಆ ಬಿಡುವು ಯೋಚನೆಗೆ ಸಿಕ್ಕ ಅವಕಾಶವಾಗಿತ್ತು; ದುಬಾರಿ ಅಂಚೆಚೀಟಿ ಹಚ್ಚಿದವನಿಗೆ ಎರಡು ನಡೆ ಸಿಗುತ್ತಿರಲಿಲ್ಲ. ಮೊಬೈಲ್ ಆಟ ಪುಕ್ಕಟೆ, ತಯಾರಿಸಿದವರೂ ಹೊಟ್ಟೆ ಹೊರೆಯಬೇಡವೇ ಎಂಬುದು ಇನ್ನೊಂದು ಮಾತು. ಇದು ತೂಕದ ಮಾತೇ. ನಮ್ಮಲ್ಲಿ ಎಷ್ಟೋ ಮನೆಗಳಿಗೆ ಫೋನೇ ಕಂಪ್ಯೂಟರು. ಆದರೆ ಹೊಟ್ಟೆ ಹೊರೆಯಲು ಬೇರೆ ದಾರಿಗಳೂ ಇವೆ. 2016ರಲ್ಲಿ ಫೋನಿಗೆಂದು ಬಂದ ಸ್ವೀಡನ್ನಿನ ‘ಪಾಲಿಟೋಪಿಯಾ’ದಲ್ಲಿ ಕೆಲವು ಪಂಗಡಗಳು ಉಚಿತ, ಉಳಿದವಕ್ಕೆ ಒಮ್ಮೆ ದುಡ್ಡು ಕೊಟ್ಟರೆ ಮುಗಿಯಿತು. ಮೂವತ್ತು ಸರದಿಗಳಲ್ಲಿ ಮುಗಿಯುವ ಬಗೆಯೂ ಅದರಲ್ಲಿದೆ. ನಾಲ್ಕು ವರ್ಷದ ಮೇಲೆ ಅದೇ ಆಟ ಫೋನಿನಿಂದ ಕಂಪ್ಯೂಟರಿಗೆ ಹೋಯಿತು. ಅತ್ತ ಕಂಪ್ಯೂಟರಿನ ‘ಸಿವಿಲೈಜೇಶನ್ 6’ 2017ರಲ್ಲಿ ಐಪ್ಯಾಡಿಗೆ ಇಳಿಯಿತು. ಉಪಕರಣವೇ ತಪ್ಪಿತಸ್ಥನಾಗಿದ್ದರೆ ಈ ಹೋಗಿಬರುವಿಕೆ ಸಾಧ್ಯವಿರಲಿಲ್ಲ.

ಕಂಪ್ಯೂಟರಿನವರೇನೂ ಸನ್ಯಾಸಿಗಳಲ್ಲ. ಏಜ್ ಆಫ್ ಎಂಪೈರ್ಸ್ 2ಕ್ಕೆ 2022ರಲ್ಲಿ ದ್ರಾವಿಡರು, ಬಂಗಾಳಿಗಳು, ಗುರ್ಜರರು ಸೇರಿದ್ದು ದುಡ್ಡಿಗೇ. ಆದರೆ ಆ ದುಡ್ಡಿಗೆ ಕಲಿಯಲು ಹೊಸ ಸೈನ್ಯ, ಹೊಸ ತಂತ್ರ ಸಿಗುತ್ತದೆ. ಎದುರಾಳಿಗಿಂತ ಹೆಚ್ಚಿನ ನಿಮಿಷ ಸಿಗುವುದಿಲ್ಲ. ಹಾಗಾಗಿ ಹೊಸ ಗೇಮ್ ಹಾಕಿಕೊಂಡಾಗ ಪರದೆಯ ಅಳತೆ ಕೇಳಬೇಡಿ. ಸೋತಾಗ ಅದು ಇನ್ನೊಮ್ಮೆ ಯೋಚಿಸು ಎನ್ನುತ್ತದೋ, ಕಿಸೆಗೆ ಕೈಹಾಕು ಎನ್ನುತ್ತದೋ ನೋಡಿ. ಮೊದಲನೆಯದಾದರೆ ಫೋನಿನಲ್ಲಿದ್ದರೂ ಆಡಿ; ಎರಡನೆಯದಾದರೆ ಕಂಪ್ಯೂಟರಿನಲ್ಲಿದ್ದರೂ ಅಳಿಸಿಹಾಕಿ.