ಗುರಿ 590

ದಸರಾ ಮುಗಿದು, ಪಂಜಿನ ಕವಾಯತಿನ ಜನವೆಲ್ಲ ಚದುರಿದ ಮೇಲೆ ನಮ್ಮ ಬನ್ನಿಮಂಟಪದಲ್ಲಿ ಕಣ್ಣಿಗೆ ಬೀಳೋದು ಟ್ಯೂಷನ್ ಸೆಂಟರ್‌ಗಳ ಫ್ಲೆಕ್ಸು. 600ಕ್ಕೆ 594, 592, 591. ಫೋಟೋ ಚಿಕ್ಕದು, ಅಂಕಿ ದೊಡ್ಡದು. ನಿಮ್ಮ ಏರಿಯಾದಲ್ಲೂ ಇದ್ದೇ ಇರುತ್ತೆ ಬಿಡಿ. ಗಾಡಿ ಓಡಿಸ್ತಾ ನೋಡಿ ಮರೆತುಬಿಡ್ತೀವಿ. ಆದರೆ ಸೆಕೆಂಡ್ ಪಿಯುಸಿ ಮಕ್ಕಳಿರೋ ಮನೆಗೆ ಆ ಅಂಕಿಗಳು ಬಾಗಿಲು ತಟ್ಟದೇ ಒಳಗೆ ಬರ್ತವೆ.

ನಮ್ಮನೆಗೂ ಬಂದಿವೆ. ಹುಣಸೂರು ಕಡೆಯ ನಮ್ಮೂರಲ್ಲಿ ಅಣ್ಣ ಹೊಗೆಸೊಪ್ಪು ಬೆಳೀತಾನೆ. ಅವನ ಮಗಳು ನಮ್ಮನೇಲಿದ್ದುಕೊಂಡು ಪಿಸಿಎಂ ಓದ್ತಿದಾಳೆ. ಅವಳ ಟೇಬಲ್ ಮುಂದಿನ ಗೋಡೆ ಮೇಲೆ ಒಂದು ಚೀಟಿ: 'ಗುರಿ 590'. ಅಕ್ಷರ ಅಣ್ಣನದು. ಸರ್ಕಾರಿ ಕೋಟಾದಲ್ಲಿ ಒಳ್ಳೆ ಕಾಲೇಜು ಸಿಗದಿದ್ರೆ ಮ್ಯಾನೇಜ್‌ಮೆಂಟ್ ಸೀಟು, ಅದಕ್ಕೆ ಸಾಲ ಅನ್ನೋ ಭಯ ಅವನಿಗೆ. ನನ್ನ ಬಿಇ ಫೀಸನ್ನೂ ಅದೇ ಹೊಗೆಸೊಪ್ಪಿನ ದುಡ್ಡಲ್ಲಿ ಕಟ್ಟಿದೋನು ಅವನು. ಹಾಗಾಗಿ ಆ ಭಯವನ್ನ ನಾನು ಹಗುರವಾಗಿ ತಗೊಳ್ಳೋ ಹಾಗಿಲ್ಲ. ಆದರೆ ಮಧ್ಯವಾರ್ಷಿಕ ಪರೀಕ್ಷೆ ಆದಮೇಲೆ ಹುಡುಗಿ ಉತ್ತರಪತ್ರಿಕೆ ತೋರಿಸೋದು ನಿಲ್ಲಿಸಿದ್ಲು. ರಾತ್ರಿ ಎರಡಾದ್ರೂ ಲೈಟು ಆರಲ್ಲ. ಊಟಕ್ಕೆ ಕರೆದ್ರೆ, "ಆಮೇಲೆ ಚಿಕ್ಕಪ್ಪ."

ಆಫೀಸಲ್ಲಿ ಸ್ಪ್ರಿಂಟ್ ಪ್ಲಾನಿಂಗಿಗೆ ಕೂತಾಗ ಮೊದಲು ಕೇಳೋದು, ಹೋದ ಸಲ ಎಷ್ಟು ಮುಗಿಸಿದ್ವಿ ಅಂತ. ಅದನ್ನ ಕೇಳದೇ ಬರೆದ ಟಾರ್ಗೆಟ್ಟು ಬರೀ ಹರಕೆ. ಒಂದು ಭಾನುವಾರ ಅಣ್ಣ ಬಂದಿದ್ದಾಗ ಮೂವರೂ ಒಂದು ಹಾಳೆ ಇಟ್ಕೊಂಡು ಕೂತ್ವಿ.

ಮೊದಲನೇದು, 600ರಲ್ಲಿ ಎರಡು ಭಾಷೆಯ 200 ಅಂಕ ಸೇರಿದೆ. ಇಂಜಿನಿಯರಿಂಗ್ ರ‍್ಯಾಂಕಿಗೆ ಬೇಕಾಗೋದು ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್‌ನ 300 ಮಾತ್ರ. ಆ 300ರಲ್ಲೂ ಪ್ರಾಕ್ಟಿಕಲ್ ತಲಾ 30, ಮ್ಯಾಥ್ಸ್‌ನ ಆಂತರಿಕ ಅಂಕ 20, ಒಟ್ಟು 80 ಅಂಕ ಥಿಯರಿ ಪರೀಕ್ಷೆಗೆ ಮುಂಚೆಯೇ ತೀರ್ಮಾನ ಆಗಿರುತ್ತೆ. ಉಳಿಯೋದು 220. ಮಧ್ಯವಾರ್ಷಿಕದಲ್ಲಿ ಇವಳಿಗೆ ಫಿಸಿಕ್ಸ್ 70ಕ್ಕೆ 41, ಕೆಮಿಸ್ಟ್ರಿ 70ಕ್ಕೆ 48, ಮ್ಯಾಥ್ಸ್ 80ಕ್ಕೆ 52. ಅಂದ್ರೆ 141.

ಎರಡನೇದು ಸಿಇಟಿ. 180 ಪ್ರಶ್ನೆ, ತಪ್ಪಾದ್ರೆ ಅಂಕ ಕಡಿತ ಇಲ್ಲ. ರ‍್ಯಾಂಕಲ್ಲಿ ಬೋರ್ಡಿನ 300ಕ್ಕೆ ಅರ್ಧ ತೂಕ, ಸಿಇಟಿಯ 180ಕ್ಕೆ ಅರ್ಧ ತೂಕ. ಲೆಕ್ಕ ಹಾಕಿ ನೋಡಿ, ಸಿಇಟಿಯ ಮೂರು ಅಂಕ ಬೋರ್ಡಿನ ಐದು ಅಂಕಕ್ಕೆ ಸಮ. ಬೋರ್ಡಲ್ಲಿ 280 ತಗೊಂಡು ಸಿಇಟಿಯಲ್ಲಿ 80 ತಗೊಂಡೋರಿಗಿಂತ, 250 ಮತ್ತು 105 ತಗೊಂಡೋರು ಮುಂದಿರ್ತಾರೆ.

ಹುಡುಗಿ ಹಾಳೆ ತನ್ನ ಕಡೆ ಎಳ್ಕೊಂಡ್ಲು. ಎಲ್ಲಿ ಅಂಕ ಹೋಗ್ತಿದೆ ಅಂತ ಅವಳಿಗೆ ಗೊತ್ತಿತ್ತು, ಕೇಳಿದೋರಿರಲಿಲ್ಲ ಅಷ್ಟೇ. ಫಿಸಿಕ್ಸ್‌ನಲ್ಲಿ ಐದು ಅಂಕದ ಲೆಕ್ಕಗಳನ್ನ ಬಿಟ್ಟು ಬರ್ತಾಳೆ. ಕೆಮಿಸ್ಟ್ರಿಯಲ್ಲಿ ಆರ್ಗಾನಿಕ್ ರಿಯಾಕ್ಷನ್‌ಗಳು ಒಂದಕ್ಕೊಂದು ಕಲಸಿಹೋಗ್ತವೆ. ಮ್ಯಾಥ್ಸ್‌ಗೆ ಟೈಮ್ ಸಾಲಲ್ಲ. ಯೋಚಿಸಿ ಬರೆದ್ಲು: 52, 56, 66. ಪ್ರಾಕ್ಟಿಕಲ್ ಮತ್ತು ಆಂತರಿಕಕ್ಕೆ 76. ಒಟ್ಟು 250. ಮಾಕ್ ಟೆಸ್ಟಲ್ಲಿ 72 ಬರ್ತಿರೋ ಸಿಇಟಿಗೆ 105.

ಅಣ್ಣನಿಗೆ ಸಮಾಧಾನ ಆಗಲಿಲ್ಲ. "ಕಮ್ಮಿ ಬರ್ಕೊಂಡ್ರೆ ಕಮ್ಮೀನೇ ಬರೋದು ಕಣ್ಲಾ. ದೊಡ್ಡದು ಬರ್ಕೊಂಡ್ರೆ ಅದ್ರ ಹತ್ರಕ್ಕಾದ್ರೂ ಹೋಯ್ತಾಳೆ."

"ಸಸಿಮಡಿ ನೋಡ್ದೆ, ಮಳೆ ನೋಡ್ದೆ, ಈ ಸಲ ಇಷ್ಟು ಬೇಲ್ ಆಗುತ್ತೆ ಅಂತ ನೀನು ಹೇಳ್ತೀಯಾ ಅಣ್ಣ?"

"ಅದೆಂಗ್ ಹೇಳಕಾಯ್ತದೆ?" ಅಂದ. ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮಗಳ ಉತ್ತರಪತ್ರಿಕೆ ತರಿಸಿಕೊಂಡು ಒಂದೊಂದೇ ಹಾಳೆ ತಿರುವಿ ನೋಡಿದ. ಅದರಲ್ಲಿರೋ ಇಂಗ್ಲಿಷು, ಇಂಟಿಗ್ರೇಷನ್ನು ಅವನಿಗೆ ಅರ್ಥ ಆಗಲ್ಲ. ಆದರೆ ಕೆಂಪು ಶಾಯಿ ಎಲ್ಲಿ ಜಾಸ್ತಿ ಇದೆ ಅಂತ ಗೊತ್ತಾಗುತ್ತಲ್ಲ. "ಇಲ್ಲಿ ಯಾಕವ್ವ ಹಿಂಗಾಯ್ತು?" ಅಂತ ಕೇಳಿದ. ಆ ವರ್ಷ ಅವನು ಮಗಳಿಗೆ ಅಂಕ ಎಷ್ಟು ಅಂತ ಕೇಳದೇ ಬೇರೆ ಪ್ರಶ್ನೆ ಕೇಳಿದ್ದು ಅದೇ ಮೊದಲು. ಅವಳು ಪಕ್ಕದಲ್ಲಿ ಕೂತು ವಿವರಿಸೋಕೆ ಶುರು ಮಾಡಿದ್ಲು.

ಮೇಲಿಂದ ಬಿದ್ದ ಅಂಕಿ ಹೆದರಿಸುತ್ತೆ. ಕೈಯಲ್ಲಿರೋ ಅಂಕದಿಂದ ಹತ್ತೋ ಅಂಕಿ ನಾಳೆ ಬೆಳಿಗ್ಗೆ ಯಾವ ಪಾಠ ತೆಗೀಬೇಕು ಅಂತ ಹೇಳುತ್ತೆ. ನಾನು ಇಷ್ಟು ದಿನ ಟಾರ್ಗೆಟ್‌ಗಳ ಮಧ್ಯೆ ಬದುಕಿ ನಂಬಿರೋದು ಇಷ್ಟೇ. ಬೋರ್ಡಿನವರೇ ಮಾದರಿ ಪ್ರಶ್ನೆಪತ್ರಿಕೆ, ನೀಲನಕ್ಷೆ ಕೊಡ್ತಾರೆ, ಯಾವ ಅಧ್ಯಾಯಕ್ಕೆ ಎಷ್ಟು ಅಂಕ ಅಂತ ಅದರಲ್ಲಿದೆ. 2024ರಿಂದ ಪರೀಕ್ಷೆ-1 ಆದಮೇಲೆ ಪರೀಕ್ಷೆ-2 ಬರೆದು ಹೆಚ್ಚಿನ ಅಂಕ ಉಳಿಸಿಕೊಳ್ಳೋ ಅವಕಾಶವೂ ಇದೆ. ನಿಮ್ಮನೇಲೂ ಅಕ್ಕನ ಮಗನೋ ತಮ್ಮನೋ ಓದ್ತಿದ್ರೆ, ಒಂದು ಭಾನುವಾರ ಜೊತೆಗೆ ಕೂತ್ಕೊಳ್ಳಿ. ಪೆನ್ನು ಮಾತ್ರ ಅವರ ಕೈಯಲ್ಲೇ ಇರ್ಲಿ.

ಹಾಳೆ ಮಡಚೋ ಮುಂಚೆ ಅವಳು ಕನ್ನಡದ ಮುಂದೆ 98 ಅಂತ ಬರೆದ್ಲು. ಅದು ರ‍್ಯಾಂಕಿಗೆ ಲೆಕ್ಕಕ್ಕಿಲ್ಲ ಕಣಮ್ಮ ಅಂದೆ.

"ಗೊತ್ತು ಚಿಕ್ಕಪ್ಪ. ಅದು ನಂಗೆ" ಅಂದ್ಲು.