ಅಡಿಕೆಗೆ ಬಿಸಿಲು, ಒಳ ಉಡುಪಿಗೆ ಕತ್ತಲೆ!

"ಉಮ್ಮಾ, ನಾಳೆಯಿಂದ ನಾನು ಓಟದ ತರಬೇತಿಗೆ ಹೋಗುವುದಿಲ್ಲ."

ಎಪ್ರಿಲ್ ರಜೆಯ ಒಂದು ದಿನ. ಮೂಡಬಿದಿರೆಯಿಂದ ಬಸ್ಸಿನಲ್ಲಿ ಬಂದ ಮಗಳು ಚೀಲವನ್ನು ಜಗಲಿಯ ಮೇಲೆ ಹಾಕಿ ಹೀಗೆಂದಾಗ ನಾನು ಅಂಗಳದಲ್ಲಿ ಅಡಿಕೆ ಹರವುತ್ತಿದ್ದೆ. ಇಡೀ ವರ್ಷ ಓಟ, ಓಟ ಎಂದು ನನ್ನ ತಲೆ ತಿನ್ನುತ್ತಿದ್ದ ಹುಡುಗಿ ಇವಳೇನಾ? ಯಾರಾದರೂ ಏನಾದರೂ ಅಂದರೇ? ತರಬೇತಿಯವರು ಬೈದರೇ? ಕೇಳಿದ್ದಕ್ಕೆಲ್ಲ "ಇಲ್ಲ, ಇಲ್ಲ" ಎಂದಳು. ಆದರೆ ಅವಳು ಒಳಗೆ ಹೋಗುವಾಗ ಕಾಲು ಅಗಲಿಸಿ ನಡೆಯುವುದನ್ನು ಕಂಡೆ. ಕೇಳದೆಯೇ ನನಗೆ ಎಲ್ಲವೂ ಅರ್ಥವಾಯಿತು.

ಯಾಕೆಂದರೆ ಪ್ರಿಯ ಸಹೋದರಿಯರೇ, ಆರು ತಿಂಗಳಿಂದ ನಾನೂ ಹಾಗೆಯೇ ನಡೆಯುತ್ತಿದ್ದೆ!

ನಮ್ಮದು ವೇಣೂರು. ಫಲ್ಗುಣಿ ಹೊಳೆಯ ಬದಿಯ ಊರು, ಸುತ್ತ ಅಡಿಕೆ ತೋಟ. ಮಾರ್ಚ್‌ನಿಂದ ಮೇವರೆಗೆ ಇಲ್ಲಿಯ ಸೆಖೆ ಹೇಗಿರುತ್ತದೆಂದು ಕರಾವಳಿಯ ನಿಮಗೆ ಬೇರೆ ಹೇಳಬೇಕಾಗಿಲ್ಲ. ಬಿಸಿಲಿಗಿಂತ ಹೆಚ್ಚು ಕಾಡುವುದು ಗಾಳಿಯಲ್ಲಿರುವ ತೇವ. ಬೆವರು ಹರಿಯುತ್ತದೆ, ಆರುವುದಿಲ್ಲ. ಅಂಥದ್ದರಲ್ಲಿ ಒಂದು ಚಡ್ಡಿ, ಒಳಲಂಗ, ಚೂಡಿದಾರ, ಪೇಟೆಗೆ ಹೊರಟರೆ ಅದರ ಮೇಲೊಂದು ಪಾಲಿಯೆಸ್ಟರ್ ಬುರ್ಖಾ. ಬುರ್ಖಾದ ಬಟ್ಟೆ ಯಾವುದು, ಕೈಗೆ ಯಾವ ಕಸೂತಿ ಎಂದು ಅಂಗಡಿಯಲ್ಲಿ ಅರ್ಧ ದಿನ ಕಳೆಯುವ ನಾವು ದಿನವಿಡೀ ಮೈಗೆ ಅಂಟಿಕೊಂಡಿರುವ ಬಟ್ಟೆಯನ್ನು ಎಷ್ಟು ಹೊತ್ತು ನೋಡಿ ಕೊಳ್ಳುತ್ತೇವೆ? ನನ್ನ ಮಟ್ಟಿಗೆ ಹೇಳುವುದಾದರೆ ಅರ್ಧ ನಿಮಿಷವೂ ಇಲ್ಲ. ಅಂಗಡಿಯಲ್ಲಿ ಗಂಡಸರಿದ್ದರೆ ಅಳತೆಯನ್ನೂ ಹೇಳದೆ, ಕೊಟ್ಟದ್ದನ್ನು ಕಾಗದದಲ್ಲಿ ಸುತ್ತಿಸಿ ತರುವುದು. ಬಿಗಿಯಾದರೂ ಅದೇ, ಸಡಿಲವಾದರೂ ಅದೇ.

ತೊಡೆಯ ಸಂದಿಯಲ್ಲಿ ತುರಿಕೆ ಶುರುವಾದಾಗ ಬೆವರುಸಾಲೆ ಇರಬೇಕೆಂದುಕೊಂಡೆ. ಮೆಡಿಕಲ್ ಶಾಪಿನಿಂದ ಯಜಮಾನರ ಕೈಯಲ್ಲಿ ಒಂದು ಮುಲಾಮು ತರಿಸಿದೆ. ಹಚ್ಚಿದ ಎರಡೇ ದಿನದಲ್ಲಿ ತುರಿಕೆ ಮಾಯ! ಬಿಟ್ಟ ನಾಲ್ಕು ದಿನಕ್ಕೆ ಮತ್ತೆ ಹಾಜರ್, ಮೊದಲಿಗಿಂತಲೂ ಅಗಲವಾಗಿ. ಹೀಗೆ ಆರು ತಿಂಗಳು ಕಳೆಯಿತು. ಅತ್ತೆಗೂ ಹೇಳಲಿಲ್ಲ, ಅಕ್ಕನಿಗೂ ಹೇಳಲಿಲ್ಲ. ಅಂದು ಮಗಳ ನಡಿಗೆ ನೋಡಿದ ಮೇಲೆ ಮಾತ್ರ ಮನಸ್ಸು ಗಟ್ಟಿ ಮಾಡಿ ಇಬ್ಬರೂ ಒಬ್ಬ ಮಹಿಳಾ ವೈದ್ಯರ ಬಳಿಗೆ ಹೋದೆವು.

ವೈದ್ಯರು ನೋಡಿ, "ನಿಮ್ಮದು ಹುಳುಕಡ್ಡಿ, ಶಿಲೀಂಧ್ರದಿಂದ ಬರುವುದು. ನೀವು ಹಚ್ಚಿದ ಮುಲಾಮಿನಲ್ಲಿ ಸ್ಟೆರಾಯ್ಡ್ ಇದೆ. ಅದು ತುರಿಕೆಯನ್ನು ಅಡಗಿಸುತ್ತದೆ, ರೋಗವನ್ನು ಬೆಳೆಸುತ್ತದೆ" ಎಂದರು. ಆಮೇಲೆ ಅವರು ಕೇಳಿದ ಪ್ರಶ್ನೆ ನನ್ನನ್ನು ತಬ್ಬಿಬ್ಬು ಮಾಡಿತು.

"ನಿಮ್ಮ ಒಳ ಉಡುಪುಗಳನ್ನು ಎಲ್ಲಿ ಒಣಗಿಸುತ್ತೀರಿ?"

"ಬಚ್ಚಲಿನ ಮೂಲೆಯ ಹಗ್ಗದಲ್ಲಿ ಡಾಕ್ಟ್ರೇ... ಕಾಣದ ಹಾಗೆ ಮೇಲೊಂದು ಹಳೆಯ ಸೀರೆ ಹಾಕಿ."

"ಮನೆಯಲ್ಲಿ ಅಡಿಕೆ ಇದೆಯಾ?"

"ಇದೆ."

"ಅದನ್ನೂ ಬಚ್ಚಲಿನಲ್ಲಿ ಒಣಗಿಸುತ್ತೀರಾ?"

ನನಗೆ ನಗು ಬಂತು, ಆದರೆ ಮುಖ ಕೆಳಗಾಯಿತು. ಚಾಲಿ ಅಡಿಕೆಗೆ ನಲವತ್ತು ದಿನ ಬಿಸಿಲು ಕೊಡುತ್ತೇವೆ. ಮೋಡ ಕಂಡರೆ ಓಡಿ ಹೋಗಿ ಮುಚ್ಚುತ್ತೇವೆ. ಸ್ವಲ್ಪ ಹಸಿ ಉಳಿದರೂ ಬೂಷ್ಟು ಹಿಡಿಯುತ್ತದೆಂದು ಮಕ್ಕಳಿಗೂ ಗೊತ್ತು. ಅದೇ ಬೂಷ್ಟಿನ ಜಾತಿಯದ್ದೇ ನಮ್ಮ ಚರ್ಮಕ್ಕೂ ಬರುತ್ತದೆ ಎಂಬುದು ಮಾತ್ರ ನಮಗೆ ಗೊತ್ತಿಲ್ಲ!

ಮಗಳದ್ದು ಬೇರೆ ಸಂಗತಿ. ಅವಳಿಗೆ ರೋಗವಿರಲಿಲ್ಲ, ಉಜ್ಜಿ ಉಜ್ಜಿ ಚರ್ಮ ಸುಲಿದಿತ್ತು. ಸಾದಾ ಹತ್ತಿ ಚಡ್ಡಿ ಬೆವರು ಕುಡಿದು ಒದ್ದೆಯಾಗಿ, ಅದರ ಅಂಚಿನ ಹೊಲಿಗೆ ಓಡುವಾಗ ತೊಡೆಗೆ ಅರದಂತೆ ತಾಗುತ್ತಿತ್ತು. "ನನಗೂ ಹತ್ತಿಯನ್ನೇ ಅಲ್ವಾ ಉಮ್ಮ ತಂದುಕೊಟ್ಟದ್ದು?" ಎಂದಳು. ಅವಳ ಮಾತು ಸರಿ. ಆದ್ದರಿಂದ ವೈದ್ಯರಿಂದ ಕೇಳಿ, ನಾನೇ ಮಾಡಿ ನೋಡಿ ಕಲಿತದ್ದನ್ನು ನಿಮಗೂ ಹೇಳುತ್ತೇನೆ.

ಮನೆ, ತೋಟ, ಬಸ್ಸಿನ ಪ್ರಯಾಣ ಇಷ್ಟಕ್ಕೆ ಹತ್ತಿಯೇ ಒಳ್ಳೆಯದು. ನೂರು ಗ್ರಾಂ ಹತ್ತಿ ಏಳೆಂಟು ಗ್ರಾಂ ತೇವವನ್ನು ಹೀರಿಕೊಂಡರೂ ಮುಟ್ಟಿದಾಗ ಒಣಗಿದಂತೆಯೇ ಇರುತ್ತದೆ. ಪಾಲಿಯೆಸ್ಟರ್ ಅರ್ಧ ಗ್ರಾಮನ್ನೂ ಹಿಡಿಯುವುದಿಲ್ಲ. ಲೇಸು, ಮಿರುಗುವ ನೈಲಾನು ನೋಡಲು ಚೆಂದ, ಸೆಖೆಗಾಲಕ್ಕಲ್ಲ. ಆದರೆ ಹತ್ತಿ ಒಮ್ಮೆ ಪೂರ್ತಿ ಒದ್ದೆಯಾದರೆ ಬೇಗ ಒಣಗುವುದಿಲ್ಲ. ಅದಕ್ಕೆ ಮಧ್ಯಾಹ್ನದ ಹೊತ್ತಿಗೆ ಬದಲಿಸಿ. ಹೊರಗೆ ಹೋಗುವಾಗ ಇನ್ನೊಂದು ಜೊತೆಯನ್ನು ಚೀಲದಲ್ಲಿಟ್ಟುಕೊಳ್ಳಿ.

ಓಟ, ಆಟ, ದೂರದ ನಡಿಗೆಗೆ ಮಾತ್ರ ಬೆವರನ್ನು ಹೊರಗೆ ಎಳೆದು ಬೇಗ ಆರುವ ಆಟದ ಬಟ್ಟೆ ಬೇರೆಯೇ ಇದೆ. ತೊಡೆಯ ಅರ್ಧದವರೆಗೆ ಬರುವ, ಮೈಗೆ ಕೂತುಕೊಳ್ಳುವ ಚಡ್ಡಿ ತೆಗೆದುಕೊಳ್ಳಿ. ಆಗ ತೊಡೆಗೆ ತೊಡೆ ಉಜ್ಜುವುದಿಲ್ಲ. ಮೇಲೆ ಸಡಿಲವಾದ ಪ್ಯಾಂಟು ಹಾಕಿದರೆ ಒಳಗೇನಿದೆಯೆಂದು ಯಾರಿಗೂ ಕಾಣಿಸದು. ಆಟ ಮುಗಿದ ಕೂಡಲೇ ಕಳಚಬೇಕು. ಅದೇ ಬಟ್ಟೆಯಲ್ಲಿ ಬಸ್ಸಿನಲ್ಲಿ ಕೂತು ಬರಬಾರದು.

ಅಳತೆಗೆ ನಾಚಬೇಡಿ. ಮನೆಯಲ್ಲೇ ಟೇಪು ಹಿಡಿದು ಸೊಂಟ, ಎದೆ, ಎದೆಯ ಕೆಳಭಾಗ ಮೂರನ್ನೂ ಅಳೆದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಹೆರಿಗೆಯ ನಂತರ, ವಯಸ್ಸಾದಂತೆ ಅಳತೆ ಬದಲಾಗುತ್ತದೆ. ಸೊಂಟದ ಪಟ್ಟಿಯೊಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ರಾತ್ರಿ ಕಳಚಿದಾಗ ಇಲಾಸ್ಟಿಕ್‌ನ ಕೆಂಪು ಗೆರೆ ಉಳಿದಿದ್ದರೆ ಅದು ನಿಮ್ಮ ಅಳತೆಯಲ್ಲ. ಕೊಳ್ಳುವಾಗ ಒಳಗನ್ನು ಹೊರಗೆ ತಿರುಗಿಸಿ ಹೊಲಿಗೆಯ ಮೇಲೆ ಬೆರಳು ಆಡಿಸಿ. ಬೆರಳಿಗೆ ಒರಟಾದದ್ದು ಬಿಸಿಲಲ್ಲಿ ಮೈಗೆ ಮುಳ್ಳು.

ಆಟವಾಡುವ ಹೆಣ್ಣುಮಕ್ಕಳಿಗೆ ಎದೆಗೂ ಬಿಗಿಯಾದ ಆಸರೆ ಬೇಕು. 1977ರಲ್ಲಿ ಅಮೆರಿಕದ ವರ್ಮಾಂಟಿನಲ್ಲಿ ಲೀಸಾ ಲಿಂಡಾಲ್, ಹಿಂಡಾ ಮಿಲ್ಲರ್, ಪಾಲಿ ಸ್ಮಿತ್ ಎಂಬ ಮೂವರು ಹೆಂಗಸರು ಗಂಡಸರ ಆಟದ ಎರಡು ಒಳ ಉಡುಪುಗಳನ್ನು ಸೇರಿಸಿ ಹೊಲಿದು ಮೊದಲ 'ಸ್ಪೋರ್ಟ್ಸ್ ಬ್ರಾ' ಮಾಡಿದರು. ಅಲ್ಲಿಯವರೆಗೆ ಓಡುವ ಹೆಣ್ಣಿಗೆ ತಕ್ಕ ಬಟ್ಟೆಯೇ ಅಂಗಡಿಯಲ್ಲಿರಲಿಲ್ಲ. ಬಿಳಿಯಲ್ಲದೆ ಬೇರೆ ಬಣ್ಣ ಕೂಡದೆಂದು ಹಟ ಹಿಡಿದಿದ್ದ ವಿಂಬಲ್ಡನ್ ಟೆನಿಸ್‌ನವರೂ ತಿಂಗಳ ದಿನಗಳ ಆತಂಕದ ಬಗ್ಗೆ ಆಟಗಾರ್ತಿಯರು ಬಾಯಿಬಿಟ್ಟ ಮೇಲೆ, 2023ರಿಂದ ಗಾಢ ಬಣ್ಣದ ಒಳಚಡ್ಡಿಗೆ ಒಪ್ಪಿಗೆ ಕೊಟ್ಟರು. ಹೇಳದೆ ಯಾವುದೂ ಬದಲಾಗಲಿಲ್ಲ ನೋಡಿ!

ಇನ್ನು ಒಣಗಿಸುವ ವಿಷಯ. ಈಗ ನಮ್ಮ ಹಿತ್ತಿಲಿನಲ್ಲಿ ಎದೆಯೆತ್ತರಕ್ಕೆ ಮಡಲಿನ ತಟ್ಟಿ ಕಟ್ಟಿ, ಅದರ ಹಿಂದೆ ಒಂದು ಹಗ್ಗ ಎಳೆದಿದ್ದೇವೆ. ದಾರಿಯಲ್ಲಿ ಹೋಗುವವರಿಗೆ ಕಾಣುವುದಿಲ್ಲ, ಮೇಲಿನಿಂದ ಬಿಸಿಲು ಧಾರಾಳ. ಒಳಭಾಗ ಹೊರಗೆ ಮಾಡಿ ಹಾಕುತ್ತೇವೆ. ಮಳೆಗಾಲದಲ್ಲಿ ಬಚ್ಚಲ ಒಲೆಯ ಬಿಸಿಗೆ ಒಣಗಿಸಿ, ಹತ್ತಿ ಬಟ್ಟೆಗೆ ಬಿಸಿ ಇಸ್ತ್ರಿ ತಾಗಿಸುತ್ತೇವೆ. ಮನೆಯಲ್ಲಿ ಒಬ್ಬರಿಗೆ ಹುಳುಕಡ್ಡಿ ಇದ್ದರೆ ಅವರ ಬಟ್ಟೆ, ಬೈರಾಸು ಬೇರೆಯೇ ಇರಲಿ, ಬಿಸಿನೀರಿನಲ್ಲಿ ಒಗೆಯಿರಿ. ತುರಿಕೆ ನಿಂತಿತೆಂದು ಮದ್ದು ನಿಲ್ಲಿಸಬೇಡಿ, ವೈದ್ಯರು ಹೇಳಿದಷ್ಟು ದಿನ ಮುಗಿಸಿ.

ತಟ್ಟಿ ಕಟ್ಟುವಾಗ ಅತ್ತೆ ಬಂದು ಯಾಕೆಂದು ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೂ ಹತ್ತು ವರ್ಷದಿಂದ ಉಂಟು ಮೋಳೆ, ಯಾರ ಹತ್ತಿರ ಹೇಳುವುದು?" ಎಂದರು. ನಾನು ಆರು ತಿಂಗಳು, ಅವರು ಹತ್ತು ವರ್ಷ! ಒಂದೇ ಸೂರಿನ ಕೆಳಗೆ, ಒಂದೇ ಬಚ್ಚಲಿನ ಹಗ್ಗದಲ್ಲಿ ಇಬ್ಬರ ಬಟ್ಟೆಯೂ ಒದ್ದೆಯಾಗಿಯೇ ನೇತಾಡುತ್ತಿತ್ತು. ಮಾರನೆಯ ವಾರ ಅವರನ್ನೂ ವೈದ್ಯರಲ್ಲಿಗೆ ಕರೆದುಕೊಂಡು ಹೋದೆ.

ಲಜ್ಜೆ ಹೆಣ್ಣಿಗೆ ಒಡವೆ, ನಿಜ. ಆದರೆ ರೋಗವನ್ನು ಬಚ್ಚಿಡುವುದು ಲಜ್ಜೆಯಲ್ಲ. ಇವತ್ತು ನಿಮ್ಮ ಮಗಳನ್ನು, ಸೊಸೆಯನ್ನು ಹತ್ತಿರ ಕೂರಿಸಿ ಒಂದು ಮಾತು ಕೇಳಿ. ಅತ್ತೆಯನ್ನೂ ಕೇಳಿ. ಅವರಾಗಿಯೇ ಹೇಳಲೆಂದು ಕಾಯಬೇಡಿ.

ಮಗಳು ಒಂದು ವಾರ ಬಿಟ್ಟು ಮತ್ತೆ ತರಬೇತಿಗೆ ಹೋದಳು. ಹತ್ತೂವರೆಯ ಬಸ್ಸಿನಿಂದ ಇಳಿದವಳು ಈಗ ನೆಟ್ಟಗೆ ನಡೆದು ಬರುತ್ತಾಳೆ. ಬಂದವಳೇ ಒದ್ದೆ ಬಟ್ಟೆಯನ್ನು ಒಗೆದು ತಟ್ಟಿಯ ಹಿಂದೆ ಬಿಸಿಲಿಗೆ ಹಾಕಿ, ಆಮೇಲೆ ನನ್ನ ಜೊತೆ ಅಡಿಕೆ ಹರವಲು ಕೈ ಹಾಕುತ್ತಾಳೆ.