ದೀಡ್ ಎಂದರೆ ಒಂದೂವರೆ

ವ್ಯವಹಾರದ ಮೂಲಕ ಗಣಿತ ಕಲಿಸುವುದು ನಮಗೆ ಹೊಸದಲ್ಲ. 12ನೆಯ ಶತಮಾನದಲ್ಲಿಯೇ ಜೈನ ಕವಿ ರಾಜಾದಿತ್ಯನು ಕನ್ನಡದಲ್ಲಿ ‘ವ್ಯವಹಾರಗಣಿತ’ವನ್ನು ರಚಿಸಿದ್ದಾನೆ. ಆದರೆ ಜತ್ತ ತಾಲೂಕಿನ ನಮ್ಮ ಕನ್ನಡ ಶಾಲೆಯ ಮಕ್ಕಳಿಗೆ ಒಂದು ತೊಡಕುಂಟು: ಪಾಠ ಕನ್ನಡದಲ್ಲಿ, ಸಂತೆಯ ಲೆಕ್ಕ ಬಹುಮಟ್ಟಿಗೆ ಮರಾಠಿಯಲ್ಲಿ.

ನಾಲ್ಕನೆಯ ಇಯತ್ತೆಯ ಹುಡುಗಿಯೊಬ್ಬಳು ತಾಯಿಯೊಡನೆ ಹೀರೇಕಾಯಿ ಮಾರುತ್ತಿದ್ದಳು. ಕಿಲೋಕ್ಕೆ 40 ರೂಪಾಯಿಯಾದರೆ ‘ದೀಡ್ ಕಿಲೋ’ಕ್ಕೆ 60 ಎಂದು ಥಟ್ಟನೆ ಹೇಳುವಳು. ಫಲಕದ ಮೇಲೆ 40 × 1½ ಎಂದು ಬರೆದರೆ ತಲೆ ತಗ್ಗಿಸುವಳು. “ಓದು ತಲಿಗೆ ಹತ್ತೂದಿಲ್ರಿ, ಶಾಲಿ ಬಿಡಸ್ತೀವಿ” ಎಂದು ತಾಯಿ ಹೇಳಿಯೂ ಆಗಿತ್ತು.

ಪುಸ್ತಕದ ಲೆಕ್ಕದಲ್ಲಿ ಚುರುಕಾದ ಹುಡುಗನೊಬ್ಬನನ್ನು ಅವಳಿಗೆ ಜೋಡಿ ಮಾಡಿದೆನು. ತಕ್ಕಡಿ, ತೂಕದ ಕಲ್ಲು, ಒಂದಿಷ್ಟು ಜೋಳ. ಅವಳು ತೂಗಿ ಬಾಯಿಂದ ಹೇಳಬೇಕು. ಅವನು ಹೇಳಿದಷ್ಟನ್ನೇ ಬರೆಯಬೇಕು. (ಕೆಲಸ ಹಂಚದೆ ಕೂರಿಸಿದರೆ ಜಾಣನೇ ಎಲ್ಲ ಮುಗಿಸಿಬಿಡುತ್ತಾನೆ.) “ಮೊದಲ 40, ಮ್ಯಾಲ ಅದರರ್ಧ 20” ಎಂದಳು. ಬರೆಯುತ್ತಿದ್ದವನು ನಿಲ್ಲಿಸಿ, “ದೀಡ್ ಅಂದ್ರ ಒಂದೂವರೀನ ಏನ?” ಎಂದ. ಅವಳು ಪಾಟಿಯನ್ನು ಕಸಿದುಕೊಂಡು ನೋಡಿದಳು.

ಮರುದಿನ ಕೆಲಸ ಅದಲುಬದಲು. 100ರ ನೋಟಿಗೆ ಚಿಲ್ಲರೆ ಕೊಡಲು ತಡವರಿಸಿದವನು ಈ ಜಾಣನೇ! 60ರಿಂದ ಮುಂದಕ್ಕೆ ಎಣಿಸುವುದನ್ನು ಅವಳೇ ತೋರಿಸಿಕೊಟ್ಟಳು.

ಐದನೆಯ ಇಯತ್ತೆಯ ಹಾಜರಿ ಪಟ್ಟಿಯಲ್ಲಿ ಈಗ ಅವಳ ಹೆಸರಿದೆ. ತಾಯಿ ಮಾತ್ರ ಇನ್ನೂ “ನೋಡೂಣ್ರಿ” ಎನ್ನುತ್ತಾಳೆ.